ಮೇಷ್ಟ್ರ ಅಂಚೆ: ಈ ಸಲ ಪೂರ್ತಿ ಮಾರ್ಕ್ ಬ್ಲಾಕ್

ಹಿಂದಿನ ಸಂಚಿಕೆಯಲ್ಲಿ ಒಬ್ಬರು "ಶಾಸನಗಳೂ ಸುಳ್ಳು ಹೇಳುತ್ತವೆಯೇ?" ಎಂದು ಕೇಳಿದ್ದರು. ಉತ್ತರ ಬರೆಯುವಾಗ ನಡುವೆ ಫ್ರಾನ್ಸಿನ ಇತಿಹಾಸಕಾರ ಮಾರ್ಕ್ ಬ್ಲಾಕ್ ಹೆಸರು ಎಳೆದು ತಂದಿದ್ದೆ. ಖೋಟಾ ದಾಖಲೆಯನ್ನೂ ಬಿಸಾಡಬೇಡಿ, ಯಾರು ಯಾಕೆ ಖೋಟಾ ಮಾಡಿದರು ಎಂದು ಕೇಳಿದರೆ ಅದೂ ಬಾಯಿ ಬಿಡುತ್ತದೆ ಎಂಬುದು ಅವರ ವಾದ. ಅಷ್ಟು ಬರೆದಿದ್ದಕ್ಕೆ ಕಾಗದಗಳು, ಈಮೇಲ್‌ಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಅವರಿಗೇ ಮೀಸಲು. ಟಿಪ್ಪು ಬಗ್ಗೆ, ತಾಳಗುಂದದ ಬಗ್ಗೆ ಕೇಳಿದವರು ದಯವಿಟ್ಟು ಒಂದು ತಿಂಗಳು ಕಾಯಿರಿ.

ಪ್ರಶ್ನೆ: ಮೇಷ್ಟ್ರೇ, ನಮ್ಮ ನೋಟ್ಸಿನಲ್ಲಿ "ಅನಾಲ್ ಪಂಥ, ಸ್ಥಾಪಕರು ಮಾರ್ಕ್ ಬ್ಲಾಕ್ ಮತ್ತು ಲೂಸಿಯೆನ್ ಫೆವ್ರ್, 1929" ಎಂದು ಒಂದೇ ಸಾಲು ಇದೆ. ಐದು ಅಂಕದ ಪ್ರಶ್ನೆ ಬಂದರೆ ಏನು ಬರೆಯಲಿ?
– ಎಂ.ಎ. ವಿದ್ಯಾರ್ಥಿನಿ, ಶಿವಮೊಗ್ಗ

ನಿಮ್ಮ ನೋಟ್ಸ್ ಬರೆದವರಿಗೆ ನನ್ನ ನಮಸ್ಕಾರ ತಿಳಿಸಿ. ಒಬ್ಬ ಮನುಷ್ಯನನ್ನು ಒಂದು ಸಾಲಿಗೆ ಇಳಿಸುವುದೂ ಒಂದು ಕಲೆಯೇ.

ಬ್ಲಾಕ್ ಹುಟ್ಟಿದ್ದು 1886ರ ಜುಲೈ 6ರಂದು, ಲಿಯಾನ್ ನಗರದಲ್ಲಿ. ಮನೆತನ ಅಲ್ಸಾಸ್ ಪ್ರಾಂತ್ಯದ ಯಹೂದಿಗಳದು. ತಂದೆ ಗುಸ್ತಾವ್ ಬ್ಲಾಕ್ ರೋಮನ್ ಇತಿಹಾಸದ ಪ್ರೊಫೆಸರ್. ಲಿಯಾನ್‌ನಲ್ಲಿ ಪಾಠ ಮಾಡುತ್ತಿದ್ದವರು ಆಮೇಲೆ ಪ್ಯಾರಿಸ್ಸಿಗೆ ಹೋದರು. ಅಂದರೆ ಮನೆಯಲ್ಲೇ ಗ್ರಂಥಾಲಯ, ಊಟದ ಮೇಜಿನಲ್ಲೇ ಚರ್ಚೆ. ಪ್ಯಾರಿಸ್ಸಿನ ಲೂಯಿ ಲ ಗ್ರಾಂ ಶಾಲೆ ಮುಗಿಸಿ 1904ರಲ್ಲಿ ಎಕೋಲ್ ನಾರ್ಮಾಲ್ ಸೇರಿದರು. ಫ್ರಾನ್ಸಿನಲ್ಲಿ ಅಲ್ಲಿ ಸೀಟು ಸಿಕ್ಕರೆ ಅರ್ಧ ಬದುಕು ಗೆದ್ದ ಹಾಗೆ. 1908ರಲ್ಲಿ ಅಧ್ಯಾಪಕರ ಆಯ್ಕೆ ಪರೀಕ್ಷೆ ಪಾಸಾದರು. ಮುಂದಿನ ಒಂದು ವರ್ಷ ಜರ್ಮನಿಯ ಬರ್ಲಿನ್ ಮತ್ತು ಲೈಪ್‌ಜಿಗ್‌ಗಳಲ್ಲಿ ಓದಿದರು. ಆಮೇಲೆ ಮಾಂಪೆಲಿಯೆ ಮತ್ತು ಆಮಿಯಾಂ ಊರುಗಳಲ್ಲಿ ಶಾಲಾ ಮೇಷ್ಟ್ರು. ಆಗ ಬಂತು 1914ರ ಯುದ್ಧ. ಸಾರ್ಜೆಂಟ್ ಆಗಿ ಹೋದವರು ಕ್ಯಾಪ್ಟನ್ ಆಗಿ ವಾಪಸು ಬಂದರು. ನಡುವೆ ಟೈಫಾಯಿಡ್ ಬಂದು ಸಾಯುವ ಹಾಗಾಗಿದ್ದರು.

ಮುಖ್ಯವಾದ ಘಟ್ಟ ಶುರುವಾಗುವುದು 1919ರಲ್ಲಿ. ಅದೇ ವರ್ಷ ಸಿಮೋನ್ ವಿಡಾಲ್ ಅವರನ್ನು ಮದುವೆಯಾದರು, ಅದೇ ವರ್ಷ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಸ್ಟ್ರಾಸ್‌ಬರ್ಗ್ ಸಾಮಾನ್ಯ ಊರಲ್ಲ. 1871ರಿಂದ ಜರ್ಮನ್ನರ ಕೈಯಲ್ಲಿತ್ತು, ಯುದ್ಧ ಗೆದ್ದ ಮೇಲೆ ಫ್ರಾನ್ಸಿಗೆ ವಾಪಸು ಬಂದಿತ್ತು. ಜರ್ಮನ್ನರು ಅಲ್ಲಿ ಭರ್ಜರಿ ಗ್ರಂಥಾಲಯ ಕಟ್ಟಿ ಬಿಟ್ಟುಹೋಗಿದ್ದರು. ಅದಕ್ಕೆ ಸರಿಸಾಟಿಯಾದ ಮೇಷ್ಟ್ರುಗಳನ್ನು ತುಂಬುವುದು ಫ್ರೆಂಚ್ ಸರ್ಕಾರಕ್ಕೆ ಮಾನದ ಪ್ರಶ್ನೆ. ಹಾಗಾಗಿ ಒಳ್ಳೊಳ್ಳೆಯ ಎಳೆಯರನ್ನೇ ಆರಿಸಿ ಕಳಿಸಿದರು. ಫೆವ್ರ್ ಅವರ ಕೋಣೆ ಬ್ಲಾಕ್ ಕೋಣೆಯ ಪಕ್ಕದಲ್ಲೇ. ಸಮಾಜಶಾಸ್ತ್ರಕ್ಕೆ ಹಾಲ್ಬ್‌ವಾಕ್ಸ್, ಮನಶ್ಶಾಸ್ತ್ರಕ್ಕೆ ಬ್ಲಾಂಡೆಲ್. ಶನಿವಾರ ಎಲ್ಲ ವಿಭಾಗದವರೂ ಒಟ್ಟಿಗೆ ಕೂತು ಹೊಸ ಪುಸ್ತಕಗಳ ಬಗ್ಗೆ ಜಗಳವಾಡುತ್ತಿದ್ದರು. ನಮ್ಮ ಕಾಲೇಜುಗಳಲ್ಲಿ ಇತಿಹಾಸದವರು ಅರ್ಥಶಾಸ್ತ್ರದವರ ಸ್ಟಾಫ್ ರೂಮಿಗೆ ಹೋಗುವುದು ಚಾಕ್‌ಪೀಸ್ ಖಾಲಿಯಾದಾಗ ಮಾತ್ರ. ಇದು ನನ್ನ ಸರ್ವಿಸಿನ ಅನುಭವ.

ಆ ಶನಿವಾರದ ಮಾತುಕತೆಯೇ 1929ರ ಜನವರಿಯಲ್ಲಿ ಪತ್ರಿಕೆಯಾಯಿತು. ಪೂರ್ತಿ ಹೆಸರು 'ಆರ್ಥಿಕ ಮತ್ತು ಸಾಮಾಜಿಕ ಇತಿಹಾಸದ ವಾರ್ಷಿಕಗಳು'. 'ಅನಾಲ್' ಅದರ ಮೊದಲ ಪದ. ರಾಜರು, ಯುದ್ಧಗಳು, ಒಪ್ಪಂದಗಳ ಪಟ್ಟಿ ಸಾಕು, ಜನ ಹೇಗೆ ಉತ್ತರು, ಏನು ನಂಬಿದರು, ಬೆಲೆ ಹೇಗೆ ಏರಿತು ಅನ್ನುವುದನ್ನೂ ಬರೆಯೋಣ ಎಂದು ಹೊರಟರು. ಭೂಗೋಳದವರು, ಅರ್ಥಶಾಸ್ತ್ರದವರು, ಸಮಾಜಶಾಸ್ತ್ರದವರು ಎಲ್ಲರನ್ನೂ ಒಳಗೆ ಕರೆದರು. 1936ರಲ್ಲಿ ಬ್ಲಾಕ್ ಪ್ಯಾರಿಸ್ಸಿನ ಸೊರ್ಬಾನ್‌ಗೆ ಆರ್ಥಿಕ ಇತಿಹಾಸದ ಪ್ರೊಫೆಸರ್ ಆಗಿ ಹೋದರು. ಕಾಲೇಜ್ ದ ಫ್ರಾನ್ಸ್ ಎಂಬ ಇನ್ನೂ ದೊಡ್ಡ ಸಂಸ್ಥೆಗೆ ಪ್ರಯತ್ನಿಸಿದ್ದರು, ಆಗಲಿಲ್ಲ. ಫೆವ್ರ್‌ಗೆ ಅಲ್ಲಿ ಸಿಕ್ಕಿತು.

ಐದು ಅಂಕಕ್ಕೆ ಇಷ್ಟು ಬರೆದರೆ ಜಾಸ್ತಿಯೇ ಆಯಿತು.

ಪ್ರಶ್ನೆ: ರಾಜ ಮುಟ್ಟಿದರೆ ರೋಗ ವಾಸಿಯಾಗುತ್ತದೆ ಎಂಬ ನಂಬಿಕೆ ಮೇಲೆ ಬ್ಲಾಕ್ ದಪ್ಪ ಪುಸ್ತಕ ಬರೆದರಂತೆ. ಅಂಥ ಮೂಢನಂಬಿಕೆಗೆ ಒಬ್ಬ ಪ್ರೊಫೆಸರ್ ಅಷ್ಟು ಸಮಯ ಯಾಕೆ ಕೊಡಬೇಕು?
– ಪ್ರೌಢಶಾಲಾ ಶಿಕ್ಷಕರು, ಗದಗ

ಸಾರ್, ನೀವು ಕೇಳಿದ್ದನ್ನೇ ಆಗಿನವರೂ ಕೇಳಿದರು. ಇತಿಹಾಸದ ಅಂಚಿನ ಓಣಿಗೆ ಯಾಕೆ ನುಗ್ಗುತ್ತೀಯ ಎಂದು.

ಮೊದಲು ವಿಷಯ ಏನು ನೋಡೋಣ. ಗಂಡಮಾಲೆ ಎಂಬ ರೋಗ ನಿಮಗೆ ಗೊತ್ತಿರಬಹುದು. ಕುತ್ತಿಗೆಯ ಗ್ರಂಥಿಗಳು ಊದಿಕೊಂಡು ಕೀವಾಗುತ್ತವೆ. ಕ್ಷಯದ ಒಂದು ರೂಪ. ಫ್ರಾನ್ಸ್ ಮತ್ತು ಇಂಗ್ಲೆಂಡಿನ ರಾಜರು ಕೈಯಿಂದ ಮುಟ್ಟಿದರೆ ಅದು ವಾಸಿಯಾಗುತ್ತದೆ ಎಂದು ಜನ ನೂರಾರು ವರ್ಷ ನಂಬಿದ್ದರು. ಪಟ್ಟಾಭಿಷೇಕದ ಬೆನ್ನಲ್ಲೇ ರಾಜ ಸಾಲಾಗಿ ಕೂತ ರೋಗಿಗಳನ್ನು ಮುಟ್ಟುತ್ತಾ ಹೋಗುತ್ತಿದ್ದ. ಫ್ರಾನ್ಸಿನಲ್ಲಿ ಒಂದು ವಾಕ್ಯವೂ ಇತ್ತು: ರಾಜ ನಿನ್ನನ್ನು ಮುಟ್ಟುತ್ತಾನೆ, ದೇವರು ವಾಸಿ ಮಾಡುತ್ತಾನೆ. ಇಂಗ್ಲೆಂಡಿನ ಸಾಮ್ಯುಯೆಲ್ ಜಾನ್ಸನ್, ಅದೇ ನಿಘಂಟಿನ ಜಾನ್ಸನ್, ಮಗುವಾಗಿದ್ದಾಗ ತಾಯಿ ಅವರನ್ನು ಲಂಡನ್ನಿಗೆ ಕರೆದೊಯ್ದು ಆ್ಯನ್ ರಾಣಿಯಿಂದ ಮುಟ್ಟಿಸಿದ್ದರು. ವಾಸಿಯಾಗಲಿಲ್ಲ. ಇಂಗ್ಲೆಂಡಿನಲ್ಲಿ ಆ ರಾಣಿಯ ಕಾಲಕ್ಕೇ ಈ ಪದ್ಧತಿ ಮುಗಿಯಿತು. ಫ್ರಾನ್ಸಿನಲ್ಲಿ 1825ರವರೆಗೂ ನಡೆಯಿತು. ಆಗ ಹತ್ತನೇ ಚಾರ್ಲ್ಸ್ ರೀಮ್ಸ್‌ನಲ್ಲಿ ಕೊನೆಯ ಸಲ ರೋಗಿಗಳನ್ನು ಮುಟ್ಟಿದ. ಮಹಾಕ್ರಾಂತಿ ಆಗಿ, ರಾಜನ ತಲೆ ಉರುಳಿ, ನೆಪೋಲಿಯನ್ ಬಂದು ಹೋದ ಮೇಲೆ!

ಬ್ಲಾಕ್ ಪುಸ್ತಕ 1924ರಲ್ಲಿ ಬಂತು. ಅವರು ಕೇಳಿದ ಪ್ರಶ್ನೆ ಬಲು ಸರಳ. ರಾಜರು ಯಾರನ್ನೂ ವಾಸಿ ಮಾಡಲಿಲ್ಲ. ಆದರೂ ಬುದ್ಧಿವಂತರೇ ಅಷ್ಟು ಕಾಲ ನಂಬಿದ್ದು ಹೇಗೆ? ರೋಗದ ಬಗ್ಗೆ ವೈದ್ಯರಾಗಿದ್ದ ತಮ್ಮ ಅಣ್ಣನ ನೆರವು ಪಡೆದರು. ಗಂಡಮಾಲೆ ತಾನಾಗಿಯೇ ಇಳಿಯುತ್ತದೆ, ಮತ್ತೆ ಏಳುತ್ತದೆ. ಮುಟ್ಟಿಸಿಕೊಂಡ ತಿಂಗಳುಗಳ ನಂತರ ಇಳಿದರೂ ಹೆಸರು ರಾಜನಿಗೇ. ಮತ್ತೆ ಎದ್ದರೆ ರೋಗಿ ಮತ್ತೆ ಸಾಲಿನಲ್ಲಿ ಬಂದು ಕೂರುತ್ತಿದ್ದ. ಪವಾಡ ನಡೆಯಲೇಬೇಕು ಎಂದು ಮೊದಲೇ ಮನಸ್ಸಿನಲ್ಲಿ ಕೂತಿದ್ದರಿಂದ ಪವಾಡ ಕಂಡಿತು, ಇದು ಅವರ ತೀರ್ಮಾನ. ರಾಜನೆಂದರೆ ಬರೀ ಆಡಳಿತಗಾರ ಎಂದುಕೊಂಡು ಆ ಕಾಲದ ರಾಜಕೀಯ ಬರೆದರೆ ಅರ್ಧ ಮಾತ್ರ ಬರೆದ ಹಾಗೆ ಎಂದರು. ಅವನು ಜನರ ಕಣ್ಣಿಗೆ ಅರ್ಧ ಪೂಜಾರಿಯೂ ಆಗಿದ್ದ.

ಈ ಯೋಚನೆಗೆ ಬೀಜ ಎಲ್ಲಿ ಬಿತ್ತು ಗೊತ್ತಾ? ಕಂದಕದಲ್ಲಿ. 1917ರ ಸೆಪ್ಟೆಂಬರಿನಲ್ಲಿ ಅವರ ತುಕಡಿ ಬ್ರೇನ್ ಎಂಬ ಪುಟ್ಟ ಊರಿನ ಉತ್ತರಕ್ಕಿತ್ತು. ಸುದ್ದಿ ಬೇಕೆಂದು ಒಬ್ಬ ಜರ್ಮನ್ ಸೈನಿಕನನ್ನು ಹಿಡಿದು ತಂದರು. ಯುದ್ಧಕ್ಕೆ ಮೊದಲು ಅವನು ಜರ್ಮನಿಯ ಬ್ರೆಮನ್ ನಗರದಲ್ಲಿ ವ್ಯಾಪಾರಿ. ಫ್ರೆಂಚರ ಬಾಯಲ್ಲಿ ಆ ನಗರ 'ಬ್ರೆಮ್'. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ ಬ್ಲಾಕ್ ಕಿವಿಗೆ ಬಿದ್ದ ಸುದ್ದಿ ಬೇರೆಯೇ: "ಈ ಜರ್ಮನ್ನರು ಎಂಥ ಕಿಲಾಡಿಗಳು ನೋಡಿ, ಹಿಡಿದವನು ಯುದ್ಧಕ್ಕೆ ಮೊದಲು ನಮ್ಮ ಬ್ರೇನ್‌ನಲ್ಲೇ ಅಂಗಡಿ ಇಟ್ಟಿದ್ದನಂತೆ!" ಕಿವಿ ಕೇಳಿದ್ದು ತಪ್ಪು, ಸರಿ. ಆದರೆ ಎಲ್ಲರ ಕಿವಿಯೂ ಒಂದೇ ದಿಕ್ಕಿಗೆ ತಪ್ಪಿದ್ದು ಯಾಕೆ? ಊರೂರಲ್ಲೂ ಗೂಢಚಾರರಿದ್ದಾರೆ ಎಂಬ ಭಯ ಸೈನಿಕರಲ್ಲಿ ಮೊದಲೇ ಇತ್ತು. ಜೊತೆಗೆ ಸರ್ಕಾರ ಸುದ್ದಿಗೆ ಕತ್ತರಿ ಹಾಕುತ್ತಿದ್ದುದರಿಂದ ಪತ್ರಿಕೆಯಲ್ಲಿ ಬಂದದ್ದನ್ನು ಯಾರೂ ನಂಬುತ್ತಿರಲಿಲ್ಲ. ಬಾಯಿಂದ ಬಾಯಿಗೆ ಬಂದದ್ದೇ ನಿಜ. ಸುದ್ದಿಯ ಸಂತೆ ಯಾವುದು ಅಂದರೆ ಕಂದಕದ ಹಿಂದಿನ ಅಡುಗೆ ಜಾಗ. ಊಟ ಒಯ್ಯಲು ಬೇರೆ ಬೇರೆ ತುಕಡಿಯವರು ಅಲ್ಲಿ ಸೇರುತ್ತಿದ್ದರು. ಬ್ಲಾಕ್ 1921ರಲ್ಲಿ ಯುದ್ಧದ ಸುಳ್ಳು ಸುದ್ದಿಗಳ ಬಗ್ಗೆ ಒಂದು ಲೇಖನ ಬರೆದರು. ವಾಟ್ಸ್ಆ್ಯಪ್ ಗುಂಪು ಇರುವವರೆಲ್ಲ ಓದಬೇಕು.

ಆದ್ದರಿಂದ ಸಾರ್, ರಾಜನ ಕೈಸ್ಪರ್ಶದ ಪುಸ್ತಕ ಸುಮ್ನೆ ಕುತೂಹಲಕ್ಕೆ ಬರೆದದ್ದಲ್ಲ. ತಾನು ಕಣ್ಣಾರೆ ಕಂಡ ಒಂದು ವಾರದ ಗಾಳಿಸುದ್ದಿಯನ್ನು ಎಂಟುನೂರು ವರ್ಷಕ್ಕೆ ಹಿಗ್ಗಿಸಿ ನೋಡಿದರು.

ಪ್ರಶ್ನೆ: ನಾನು ಹೊಲ ಮಾಡುವವನು. ಇತಿಹಾಸದ ಪುಸ್ತಕದಲ್ಲಿ ನಮ್ಮಂಥವರು ಬರುವುದು ಕಂದಾಯ ಕಟ್ಟುವಾಗ ಮಾತ್ರ. ಈ ಬ್ಲಾಕ್ ಸಾಹೇಬರು ಒಕ್ಕಲುತನದ ಬಗ್ಗೆ ಏನಾದರೂ ಬರೆದಿದ್ದಾರಾ?
– ರೈತರು, ಹಾವೇರಿ ಜಿಲ್ಲೆ

ಬರೆದಿದ್ದಾರೆ, ಅದೂ ನಿಮಗೆ ಖುಷಿಯಾಗುವ ಹಾಗೆ. 1929ರಲ್ಲಿ ನಾರ್ವೆಯ ಆಸ್ಲೊದಲ್ಲಿ ಫ್ರಾನ್ಸಿನ ಹಳ್ಳಿಗಳ ಬಗ್ಗೆ ಉಪನ್ಯಾಸ ಕೊಟ್ಟರು. 1931ರಲ್ಲಿ ಅದು ಪುಸ್ತಕವಾಯಿತು. ನನ್ನನ್ನು ಕೇಳಿದರೆ ಅವರ ಎಲ್ಲ ಪುಸ್ತಕಗಳಲ್ಲಿ ಇದೇ ಹೆಚ್ಚು ಜೀವಂತ.

ಹೊಲದ ಆಕಾರ ನೋಡಿ ಶುರು ಮಾಡುತ್ತಾರೆ. ಫ್ರಾನ್ಸಿನ ಉತ್ತರದಲ್ಲಿ ಹೊಲಗಳು ಉದ್ದನೆಯ ಪಟ್ಟಿಗಳು, ನಡುವೆ ಬೇಲಿಯಿಲ್ಲ. ದಕ್ಷಿಣದಲ್ಲಿ ಅಂಕುಡೊಂಕು ತುಂಡುಗಳು. ಪಶ್ಚಿಮದಲ್ಲಿ ಪ್ರತಿ ಹೊಲಕ್ಕೂ ಗಿಡದ ಬೇಲಿ. ಯಾಕೆ ಹೀಗೆ? ಉತ್ತರದವರು ಚಕ್ರವಿರುವ ಭಾರವಾದ ನೇಗಿಲು ಬಳಸುತ್ತಿದ್ದರು. ಅದನ್ನು ತಿರುಗಿಸುವುದು ಕಷ್ಟ, ಹಾಗಾಗಿ ಸಾಲು ಉದ್ದವಿದ್ದಷ್ಟೂ ಲೇಸು. ದಕ್ಷಿಣದ ಹಗುರ ನೇಗಿಲಿಗೆ ಆ ತಾಪತ್ರಯ ಇಲ್ಲ. ಆದರೆ ನೇಗಿಲೊಂದೇ ಕಾರಣ ಎಂದು ಅವರು ಷರಾ ಹಾಕುವುದಿಲ್ಲ. ಬೇಲಿ ಇಲ್ಲದ ಕಡೆ ಕೊಯ್ಲಾದ ಮೇಲೆ ಇಡೀ ಊರಿನ ದನ ಎಲ್ಲರ ಹೊಲಕ್ಕೂ ಮೇಯಲು ಹೋಗಬಹುದಿತ್ತು. ಅಂದರೆ ಅಕ್ಕಪಕ್ಕದವರ ಜೊತೆ ಮಾತಾಡದೆ ಒಬ್ಬನೇ ಬಿತ್ತುವ ಹಾಗಿಲ್ಲ, ಒಬ್ಬನೇ ಕೊಯ್ಯುವ ಹಾಗಿಲ್ಲ. ಊರಿನ ಒಗ್ಗಟ್ಟು, ಊರಿನ ಜಗಳ ಎರಡೂ ಹೊಲದ ಅಂಚಿನಲ್ಲಿ ಬರೆದಿದೆ ಎಂದು ಅವರು ತೋರಿಸುತ್ತಾರೆ.

ಹಳ್ಳಿಯ ಹಳೇ ಕಾಲಕ್ಕೆ ದಾಖಲೆ ಕಡಿಮೆ. ಅದಕ್ಕೆ ಅವರು ಹಿಂದಕ್ಕೆ ಓದುವ ದಾರಿ ಹಿಡಿದರು. ಚೆನ್ನಾಗಿ ಗೊತ್ತಿರುವ ಹದಿನೆಂಟನೇ ಶತಮಾನದ ಜಮೀನು ನಕ್ಷೆಗಳಿಂದ ಶುರು ಮಾಡಿ, ಒಂದೊಂದೇ ಹೆಜ್ಜೆ ಹಿಂದಕ್ಕೆ. ಕಾಗದ ಸಾಲದಿದ್ದಾಗ ಹೊಲಕ್ಕೇ ಹೋಗಿ ನೋಡಿ ಎಂದರು.

ಪ್ರಶ್ನೆ: ನಮ್ಮ ಅಜ್ಜಿ ಬೀಸುಕಲ್ಲಿನ ಪದ ಹೇಳುತ್ತಿದ್ದರು. ಇಂಥ ವಿಷಯಕ್ಕೆ ದೊಡ್ಡ ಇತಿಹಾಸಕಾರರ ಪುಸ್ತಕದಲ್ಲಿ ಜಾಗ ಇದೆಯಾ ಸಾರ್?
– ಗೃಹಿಣಿ, ಧಾರವಾಡ

ಇದೆಯಮ್ಮ, ಬೀಸುಕಲ್ಲಿಗೇ ಇದೆ. 1935ರಲ್ಲಿ ಬ್ಲಾಕ್ ತಮ್ಮ ಪತ್ರಿಕೆಯಲ್ಲಿ ನೀರಿನಿಂದ ತಿರುಗುವ ಗಿರಣಿಯ ಬಗ್ಗೆ ಬರೆದರು. ಆ ಗಿರಣಿ ರೋಮನ್ನರ ಕಾಲಕ್ಕೇ ಗೊತ್ತಿತ್ತು. ಆದರೆ ಹರಡಿದ್ದು ಮಧ್ಯಯುಗದಲ್ಲಿ. ಬೀಸಲು ಗುಲಾಮರು ಸಿಗುತ್ತಿದ್ದಾಗ ಯಂತ್ರ ಯಾರಿಗೆ ಬೇಕು? ಗುಲಾಮರು ಕಡಿಮೆಯಾದಾಗ ಗಿರಣಿ ಬಂತು. ಗಿರಣಿ ಬಂದ ಮೇಲೆ ಜಮೀನ್ದಾರರು ಇನ್ನೊಂದು ಆಟ ಶುರು ಮಾಡಿದರು. ಎಲ್ಲರೂ ತಮ್ಮ ಗಿರಣಿಗೇ ಬಂದು, ಬೀಸಿದ್ದಕ್ಕೆ ಪಾಲು ಕೊಟ್ಟು ಹೋಗಬೇಕು. ಮನೆಯ ಬೀಸುಕಲ್ಲು ಕಾನೂನುಬಾಹಿರ!

ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಕತೆಯನ್ನು ಅವರು ಆ ಲೇಖನದಲ್ಲಿ ಹೇಳುತ್ತಾರೆ. ಅಲ್ಲಿನ ಮಠಾಧಿಪತಿ ಊರವರ ಮನೆಮನೆಯಿಂದ ಬೀಸುಕಲ್ಲುಗಳನ್ನು ಕಿತ್ತು ತಂದು ಮಠದ ಕೋಣೆಯ ನೆಲಕ್ಕೆ ಹಾಸಿಬಿಟ್ಟ. ಗೆದ್ದವನ ಗತ್ತು ನೋಡಿ, ದಿನಾ ಅದರ ಮೇಲೆ ನಡೆದಾಡಬೇಕು. ಜನ ಮರೆಯಲಿಲ್ಲ. 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆ ಎದ್ದಾಗ ಊರವರು ಮಠಕ್ಕೆ ನುಗ್ಗಿ ಆ ನೆಲ ಅಗೆದರು. ಕಲ್ಲುಗಳನ್ನು ಒಡೆದು ಚೂರುಗಳನ್ನು ಪ್ರಸಾದದ ಹಾಗೆ ಹಂಚಿಕೊಂಡು ಮನೆಗೆ ಒಯ್ದರು. ತಾತನ ಕಾಲದ ಅವಮಾನ ಮೊಮ್ಮಕ್ಕಳವರೆಗೆ ಬೆಚ್ಚಗೆ ಉಳಿದಿತ್ತು. ಅಜ್ಜಿಯ ಪದಗಳು ನೆನಪಿದ್ದರೆ ದಯವಿಟ್ಟು ಬರೆದಿಡಿ, ಮೊಬೈಲಿನಲ್ಲಾದರೂ ಹಾಡಿಡಿ.

ಪ್ರಶ್ನೆ: ಭಾರತದಲ್ಲಿ ಊಳಿಗಮಾನ್ಯ ಪದ್ಧತಿ ಇತ್ತೋ ಇಲ್ಲವೋ ಎಂಬ ಚರ್ಚೆಗೂ ಬ್ಲಾಕ್‌ಗೂ ಸಂಬಂಧವಿದೆಯೇ?
– ಸಂಶೋಧನಾ ವಿದ್ಯಾರ್ಥಿ, ಮೈಸೂರು

ನೇರ ಸಂಬಂಧ ಇಲ್ಲ. 1939 ಮತ್ತು 1940ರಲ್ಲಿ ಎರಡು ಭಾಗವಾಗಿ ಬಂದ ಅವರ 'ಊಳಿಗಮಾನ್ಯ ಸಮಾಜ' ಯುರೋಪಿನ ಬಗ್ಗೆ. ಕೊನೆಯಲ್ಲಿ ಜಪಾನಿನ ಜೊತೆ ಹೋಲಿಸಿ ನೋಡುತ್ತಾರೆ. ಆದರೆ ಯಾವ ಲಕ್ಷಣಗಳಿದ್ದರೆ ಒಂದು ಸಮಾಜವನ್ನು ಹಾಗೆ ಕರೆಯಬಹುದು ಎಂದು ಅವರು ಹಾಕಿಕೊಟ್ಟ ಪಟ್ಟಿಯನ್ನು ಎಲ್ಲರೂ ಎದುರಿಗಿಟ್ಟುಕೊಂಡರು. ಒಡೆಯನಿಗೆ ಕಟ್ಟುಬಿದ್ದ ರೈತ, ಸಂಬಳದ ಬದಲು ಜಮೀನು, ಯೋಧರ ಮೇಲುಗೈ, ಚೂರುಚೂರಾದ ಅಧಿಕಾರ, ಹೀಗೆ. ನಮ್ಮ ಇತಿಹಾಸಕಾರ ಆರ್.ಎಸ್. ಶರ್ಮಾ 1965ರ ತಮ್ಮ ಪುಸ್ತಕದಲ್ಲಿ ನಮ್ಮ ದತ್ತಿ ಶಾಸನಗಳ ಆಧಾರದ ಮೇಲೆ ಇಲ್ಲೂ ಅಂಥದ್ದಿತ್ತು ಎಂದರು. ಇನ್ನೊಬ್ಬ ಇತಿಹಾಸಕಾರ ಹರ್ಬನ್ಸ್ ಮುಖಿಯಾ ಒಪ್ಪಲಿಲ್ಲ. ಕರ್ನಾಟಕದ ಅಗ್ರಹಾರ ಶಾಸನಗಳನ್ನು ಓದುವವರು ಇಬ್ಬರನ್ನೂ ಓದಿಕೊಳ್ಳಲಿ. ಹೆಚ್ಚು ಬರೆದರೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ.

ಪ್ರಶ್ನೆ: ಐವತ್ತು ದಾಟಿದ ಪ್ರೊಫೆಸರ್ ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಹೋದರಂತೆ. ನಮ್ಮಲ್ಲಾದರೆ ಆ ವಯಸ್ಸಿಗೆ ಪೆನ್ಷನ್ ಕಾಗದ ಸಿದ್ಧ ಮಾಡುತ್ತೇವೆ. ಅಲ್ಲಿ ಅವರ ಡ್ಯೂಟಿ ಏನಿತ್ತು?
– ನಿವೃತ್ತ ಸುಬೇದಾರ್, ಮಡಿಕೇರಿ

ಸುಬೇದಾರರಿಗೆ ವಂದನೆ. 1939ರಲ್ಲಿ ಅವರಿಗೆ 53. ಆರು ಮಕ್ಕಳ ತಂದೆ. ಸೈನ್ಯಕ್ಕೆ ಹೋಗಲೇಬೇಕೆಂದು ಕಾನೂನು ಇರಲಿಲ್ಲ, ತಾವೇ ಹೋದರು. ಫ್ರೆಂಚ್ ಸೈನ್ಯದ ಅತಿ ಮುದಿ ಕ್ಯಾಪ್ಟನ್ ನಾನು ಎಂದು ತಮ್ಮನ್ನೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಅವರಿಗೆ ಸಿಕ್ಕಿದ ಕೆಲಸ ಒಂದನೇ ಸೇನೆಯ ಪೆಟ್ರೋಲ್ ಸರಬರಾಜು. ಮಧ್ಯಯುಗದ ಪ್ರೊಫೆಸರ್‌ಗೆ ಪೆಟ್ರೋಲ್! ಆದರೆ ಕೂತು ಕಲಿತರು. ಎಷ್ಟು ಡಬ್ಬ, ಎಷ್ಟು ಟ್ಯಾಂಕರ್, ಬೆಲ್ಜಿಯಮ್ಮಿನಲ್ಲಿ ಎಲ್ಲೆಲ್ಲಿ ದಾಸ್ತಾನು ಇದೆ, ಎಲ್ಲವನ್ನೂ ಪತ್ತೆ ಹಚ್ಚಿ ಗುರುತು ಹಾಕಿಕೊಂಡರು.

1940ರ ಮೇ ತಿಂಗಳಲ್ಲಿ ಜರ್ಮನ್ನರು ನುಗ್ಗಿದರು. ಬ್ಲಾಕ್ ಡನ್‌ಕರ್ಕ್‌ನಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ತಡಮಾಡದೆ ಫ್ರಾನ್ಸಿಗೆ ವಾಪಸು ಬಂದರು. ಜೂನ್ ಹೊತ್ತಿಗೆ ರೆನ್ ನಗರದಲ್ಲಿದ್ದರು. ಒಂದು ದಿನ ಬೀದಿಗಿಳಿದರೆ ಜರ್ಮನ್ ತುಕಡಿಗಳು ಸಾಗುತ್ತಿವೆ. ಇವರು ಕೋಣೆಗೆ ಹೋಗಿ ಸಮವಸ್ತ್ರ ಬಿಚ್ಚಿದರು. ಒಬ್ಬ ಸಹೋದ್ಯೋಗಿಯ ನೆರವಿನಿಂದ ಹೋಟೆಲಿನಲ್ಲಿ ಕೋಣೆ ಹಿಡಿದರು. ಸುಳ್ಳು ಹೆಸರು ಕೊಡಲಿಲ್ಲ, ನಿಜವಾದ ಹೆಸರು, ನಿಜವಾದ ವೃತ್ತಿ ಬರೆಸಿದರು. ನರೆತ ತಲೆಯ ಪ್ರೊಫೆಸರ್ ಒಳಗೆ ಕ್ಯಾಪ್ಟನ್ ಇರಬಹುದು ಎಂದು ಯಾವ ಜರ್ಮನ್ ಯೋಚಿಸುತ್ತಾನೆ? ಅವರ ಲೆಕ್ಕ ಸರಿಯಾಯಿತು.

ಆಮೇಲೆ ಕ್ರೂಸ್ ಪ್ರಾಂತ್ಯದ ಫೂಜೇರ್ ಎಂಬ ಹಳ್ಳಿಯ ತಮ್ಮ ಮನೆಗೆ ಹೋದರು. ಜುಲೈನಿಂದ ಸೆಪ್ಟೆಂಬರ್ ನಡುವೆ ಕೂತು ಸೋಲಿನ ಕತೆ ಬರೆದರು. ಹೆಸರು 'ವಿಚಿತ್ರ ಸೋಲು'. ಸೈನ್ಯದವರಾದ ನಿಮಗೆ ಅದರಲ್ಲಿ ಬಹಳ ಸಿಗುತ್ತದೆ. ನಮ್ಮ ದಂಡನಾಯಕರ ತಲೆಯಲ್ಲಿ ಹಳೇ ಯುದ್ಧದ ವೇಗವೇ ಕೂತಿತ್ತು, ಶತ್ರು ಎಲ್ಲಿರಬಾರದಿತ್ತೋ ಅಲ್ಲೇ ದಿನಾ ಪ್ರತ್ಯಕ್ಷನಾಗುತ್ತಿದ್ದ ಎನ್ನುತ್ತಾರೆ. ಕಚೇರಿಯಿಂದ ಕಚೇರಿಗೆ ಕಾಗದ ಓಡಾಡುವಷ್ಟರಲ್ಲಿ ಜರ್ಮನ್ ಟ್ಯಾಂಕ್ ಇನ್ನೊಂದು ನದಿ ದಾಟಿರುತ್ತಿತ್ತು. ಆದರೆ ಜನರಲ್‌ಗಳನ್ನು ಬೈದು ಕೈ ತೊಳೆದುಕೊಳ್ಳುವುದಿಲ್ಲ. ನಮಗೆ ನಾಲಿಗೆ ಇತ್ತು, ಲೇಖನಿ ಇತ್ತು, ಆದರೂ ನಾವು ಮೇಷ್ಟ್ರುಗಳು ನಮ್ಮ ನಮ್ಮ ಕೆಲಸದ ಕೋಣೆಯಲ್ಲಿ ತಣ್ಣಗೆ ಕೂತೆವು ಎಂದು ತಮ್ಮ ಪೀಳಿಗೆಯನ್ನೂ ಕಟಕಟೆಗೆ ಎಳೆಯುತ್ತಾರೆ. ಆ ಪುಟ ಓದಿದಾಗಲೆಲ್ಲ ನನಗೆ ಕೂತ ಕುರ್ಚಿ ಚುಚ್ಚುತ್ತದೆ. ಕೈಬರಹವನ್ನು ಬಚ್ಚಿಟ್ಟಿದ್ದರು, ಅಚ್ಚಾದದ್ದು 1946ರಲ್ಲಿ.

ಪ್ರಶ್ನೆ: ಯಹೂದಿ ಎಂಬ ಕಾರಣಕ್ಕೆ ಫೆವ್ರ್ ತನ್ನ ಗೆಳೆಯನ ಹೆಸರನ್ನೇ ಪತ್ರಿಕೆಯಿಂದ ತೆಗೆಸಿದರು ಎಂದು ಓದಿದೆ. ಇದು ದ್ರೋಹ ಅಲ್ವಾ?
– ವಕೀಲರು, ಉಡುಪಿ

ವಕೀಲರೇ, ಎರಡೂ ಕಡೆ ಕೇಳಿ. 1940ರ ಅಕ್ಟೋಬರಿನಲ್ಲಿ ವಿಶಿ ಸರ್ಕಾರ, ಅಂದರೆ ಸೋಲಿನ ಮೇಲೆ ಜರ್ಮನ್ನರ ಜೊತೆ ಕೈಜೋಡಿಸಿದ ಫ್ರೆಂಚ್ ಸರ್ಕಾರ, ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ಹೊರಗೆ ಹಾಕುವ ಕಾನೂನು ತಂದಿತು. ಬ್ಲಾಕ್‌ಗೆ ಅವರ ವಿದ್ವತ್ತಿನ ಕಾರಣಕ್ಕೆ ವಿನಾಯಿತಿ ಸಿಕ್ಕಿತು. ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯ ಕ್ಲೆರ್ಮಾಂ ಫೆರಾಂ ನಗರಕ್ಕೆ ಸ್ಥಳಾಂತರವಾಗಿತ್ತು. ಅಲ್ಲಿ ಪಾಠ ಮಾಡಿದರು, ಆಮೇಲೆ ಮಾಂಪೆಲಿಯೆಯಲ್ಲಿ. ಪ್ಯಾರಿಸ್ಸಿನ ಮನೆಯ ಪುಸ್ತಕಗಳನ್ನು ಜರ್ಮನ್ನರು ಹೊತ್ತೊಯ್ದರು. ನ್ಯೂಯಾರ್ಕಿನಿಂದ ಕೆಲಸದ ಆಹ್ವಾನ ಬಂದಿತ್ತು. ಆದರೆ ವಯಸ್ಸಿಗೆ ಬಂದ ಮಕ್ಕಳಿಗೆ ವೀಸಾ ಸಿಗಲಿಲ್ಲ. ಅವರನ್ನು ಬಿಟ್ಟು ಹೋಗಲು ಬ್ಲಾಕ್ ಒಪ್ಪಲಿಲ್ಲ.

ಪತ್ರಿಕೆ ಇಬ್ಬರ ಜಂಟಿ ಆಸ್ತಿ. ಪ್ಯಾರಿಸ್ ಜರ್ಮನ್ನರ ಕೈಯಲ್ಲಿ. ಯಹೂದಿ ಪಾಲುದಾರ ಇದ್ದರೆ ಪತ್ರಿಕೆಯನ್ನೇ ಕಿತ್ತುಕೊಳ್ಳುತ್ತಾರೆ. ನೀನು ಹಿಂದೆ ಸರಿ, ಪತ್ರಿಕೆ ಉಳಿಯಲಿ ಎಂದು ಫೆವ್ರ್ ಬರೆದರು. ಹೆಸರು ತೆಗೆಯುವುದೆಂದರೆ ರಣರಂಗ ಬಿಟ್ಟು ಓಡಿದ ಹಾಗೆ, ಬದಲಿಗೆ ಪತ್ರಿಕೆ ನಿಲ್ಲಿಸೋಣ ಎಂದು ಬ್ಲಾಕ್ ಉತ್ತರಿಸಿದರು. 1941ರ ವಸಂತದಲ್ಲಿ ಕಾಗದಗಳು ಬಲು ಕಹಿಯಾದವು. ಕೊನೆಗೆ ಬ್ಲಾಕ್ ಒಪ್ಪಿದರು. ಹಳ್ಳಿಯ ಹೆಸರನ್ನೇ ಹಿಡಿದು 'ಎಂ. ಫೂಜೇರ್' ಎಂದು ಬರೆಯತೊಡಗಿದರು.

ನನ್ನ ಅಭಿಪ್ರಾಯ ಕೇಳಿದಿರಿ. ಫೆವ್ರ್ ಕಾನೂನಿನ ಲೆಕ್ಕದಲ್ಲಿ ಸರಿ ಇದ್ದರು. ಆದರೆ ಗೆಳೆಯ ಕಳೆದುಕೊಳ್ಳುತ್ತಿದ್ದುದು ಏನು ಎಂಬುದು ಆ ಕಾಗದಗಳನ್ನು ಬರೆಯುವಾಗ ಅವರಿಗೆ ಪೂರ್ತಿ ಹೊಳೆದಿರಲಿಲ್ಲ ಎಂದು ನನಗನಿಸುತ್ತದೆ. ದ್ರೋಹ ಎಂಬ ಮಾತನ್ನು ಮಾತ್ರ ನಾನು ಬಳಸಲಾರೆ, ಯಾಕೆಂದರೆ ಬ್ಲಾಕ್ ಬಳಸಲಿಲ್ಲ. ಜಗಳ ಬಿಸಿಯಾಗಿದ್ದ ಅದೇ ಮೇ ತಿಂಗಳ 10ರಂದು ಅವರು ಹೊಸ ಪುಸ್ತಕವೊಂದನ್ನು ಫೆವ್ರ್‌ಗೆ ಅರ್ಪಿಸಿ ಒಲವಿನ ಕಾಗದ ಬರೆದಿಟ್ಟರು. ಆ ಪುಸ್ತಕವನ್ನು 1949ರಲ್ಲಿ ಅಚ್ಚು ಹಾಕಿಸಿದ್ದು ಫೆವ್ರ್.

ಪ್ರಶ್ನೆ: ಗುಂಡಿಗೆ ಬಲಿಯಾಗುವ ಮುನ್ನ ಬ್ಲಾಕ್ ಪಕ್ಕದ ಹುಡುಗನಿಗೆ "ನೋವಾಗಲ್ಲ ಕಂದ" ಎಂದರಂತೆ. ಫಾರ್ವರ್ಡ್ ಬಂದಿತ್ತು. ನಿಜವಾ ಸಾರ್?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಇತಿಹಾಸಕಾರನ ಬಗ್ಗೆ ಫಾರ್ವರ್ಡ್ ಬಂದರೆ ಅವನದೇ ತಕ್ಕಡಿಯಲ್ಲಿ ತೂಗೋಣ.

ಮೊದಲು ಖಚಿತವಾದದ್ದು. 1942ರ ನವೆಂಬರಿನಲ್ಲಿ ಜರ್ಮನ್ನರು ದಕ್ಷಿಣ ಫ್ರಾನ್ಸನ್ನೂ ಆಕ್ರಮಿಸಿದರು. ಬ್ಲಾಕ್ ಮಾಂಪೆಲಿಯೆ ಬಿಟ್ಟರು. ಸ್ವಲ್ಪ ಕಾಲದಲ್ಲೇ ಲಿಯಾನ್‌ಗೆ ಹೋಗಿ 'ಫ್ರಾಂ ತಿರೋರ್' ಎಂಬ, ಜರ್ಮನ್ನರ ವಿರುದ್ಧದ ಭೂಗತ ಗುಂಪು ಸೇರಿದರು. ಆ ಗುಂಪಿನ ಪತ್ರಕರ್ತ ಜಾರ್ಜ್ ಆಲ್ಟ್‌ಮನ್ ಮೊದಲ ಭೇಟಿಯನ್ನು ಬರೆದಿದ್ದಾರೆ. ಇಪ್ಪತ್ತರ ಹುಡುಗನೊಬ್ಬ ಹೊಸಬನನ್ನು ಕರೆತಂದಿದ್ದೇನೆ ಎಂದ. ನೋಡಿದರೆ ಕನ್ನಡಕ, ನರೆಗೂದಲು, ಒಂದು ಕೈಯಲ್ಲಿ ಬ್ರೀಫ್‌ಕೇಸ್, ಇನ್ನೊಂದರಲ್ಲಿ ಊರುಗೋಲು ಹಿಡಿದ ಐವತ್ತು ದಾಟಿದ ಮರ್ಯಾದಸ್ಥರು! ಅವರಿಗೆ ಮೊದಲು ಸಿಕ್ಕಿದ್ದು ಕಾಗದ ಮುಟ್ಟಿಸುವ ಚಿಲ್ಲರೆ ಕೆಲಸ. ಬರಬರುತ್ತಾ ಆ ಪ್ರಾಂತ್ಯದ ಮುಖ್ಯಸ್ಥರಲ್ಲಿ ಒಬ್ಬರಾದರು. ಗುಪ್ತನಾಮ 'ನಾರ್ಬಾನ್'. 1944ರ ಮಾರ್ಚ್ 8ರಂದು ಲಿಯಾನ್‌ನ ಸೇತುವೆಯೊಂದರ ಬಳಿ ಜರ್ಮನ್ನರ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಹಿಡಿಯಿತು. ಚಿತ್ರಹಿಂಸೆ ಕೊಟ್ಟರು, ಮಾಂಲ್ಯುಕ್ ಜೈಲಿಗೆ ಹಾಕಿದರು. ಜೂನ್ 16ರ ರಾತ್ರಿ ಸೇಂ ದಿದಿಯೆ ದ ಫೋರ್ಮಾಂ ಎಂಬ ಹಳ್ಳಿಯ ಹತ್ತಿರದ ಬಯಲಲ್ಲಿ ಇತರ ಕೈದಿಗಳ ಜೊತೆ ಗುಂಡಿಟ್ಟು ಕೊಂದರು. ನಾರ್ಮಂಡಿಯಲ್ಲಿ ಮಿತ್ರಪಡೆ ಇಳಿದು ಆಗ ಹತ್ತು ದಿನ. ಕಾಯಿಲೆಯಲ್ಲಿದ್ದ ಹೆಂಡತಿ ಸಿಮೋನ್ ಜುಲೈ 2ರಂದು ಲಿಯಾನ್‌ನಲ್ಲೇ ತೀರಿಕೊಂಡರು.

ಇನ್ನು ಹುಡುಗನ ಕತೆ. ಅದನ್ನು ಬರೆದವರು ಅದೇ ಆಲ್ಟ್‌ಮನ್, 'ವಿಚಿತ್ರ ಸೋಲು' ಪುಸ್ತಕದ ಮುನ್ನುಡಿಯಲ್ಲಿ. ಪಕ್ಕದಲ್ಲಿ ಹದಿನಾರರ ಹುಡುಗ ನಡುಗುತ್ತಾ "ನೋವಾಗುತ್ತೆ" ಎಂದ, ಬ್ಲಾಕ್ ಅವನ ಕೈ ಹಿಡಿದು "ಇಲ್ಲ ಮಗೂ, ನೋವಾಗಲ್ಲ" ಎಂದರು, ಫ್ರಾನ್ಸಿಗೆ ಜಯಕಾರ ಹಾಕಿ ಮೊದಲು ಬಿದ್ದರು, ಇಷ್ಟು ಅಲ್ಲಿದೆ. ಆಲ್ಟ್‌ಮನ್ ಆ ಬಯಲಲ್ಲಿ ಇರಲಿಲ್ಲ. ಗುಂಡೇಟು ತಿಂದೂ ಬದುಕುಳಿದವರು ಇಬ್ಬರು. ಕತ್ತಲಲ್ಲಿ, ಸಾವಿನ ಎದುರು, ಯಾರ ಕಿವಿಗೆ ಎಷ್ಟು ಬಿತ್ತು? ಬ್ಲಾಕ್ ಆಗಿದ್ದರೆ ಇದನ್ನು ಮೊದಲು ಕೇಳುತ್ತಿದ್ದರು. ಎರಡನೇ ಪ್ರಶ್ನೆಯನ್ನೂ ಕೇಳುತ್ತಿದ್ದರು: ಗೆಳೆಯರಿಗೆ ಈ ಕತೆ ಯಾಕೆ ಅಷ್ಟು ಬೇಗ ನಂಬಬೇಕೆನಿಸಿತು? ಅವರನ್ನು ಹತ್ತಿರದಿಂದ ಕಂಡವರಿಗೆ ಆ ಮಾತು ಅವರ ಬಾಯಲ್ಲಿ ಸಹಜವಾಗಿ ಕೇಳಿಸಿತು ಎಂಬುದಂತೂ ದಾಖಲೆ. ನಾನು ಪಾಠ ಮಾಡುವಾಗ ಕತೆ ಹೇಳುತ್ತಿದ್ದೆ, 'ಆಲ್ಟ್‌ಮನ್ ಬರೆದ ಪ್ರಕಾರ' ಎಂದು ಸೇರಿಸುತ್ತಿದ್ದೆ. ನೀವೂ ಹಾಗೇ ಫಾರ್ವರ್ಡ್ ಮಾಡಿ.

ಇನ್ನೊಂದು ವಿಷಯ. 1941ರ ಮಾರ್ಚ್ 18ರಂದು ಬರೆದ ಉಯಿಲಿನಲ್ಲಿ ಸಮಾಧಿಯ ಮೇಲೆ 'ಸತ್ಯವನ್ನು ಪ್ರೀತಿಸಿದ' ಎಂಬ ಲ್ಯಾಟಿನ್ ಮಾತು ಸಾಕು ಎಂದಿದ್ದರು. ತಾನು ಧರ್ಮ ನಂಬುವವನಲ್ಲ, ಹೀಬ್ರೂ ಪ್ರಾರ್ಥನೆ ಬೇಡ, ಆದರೆ ಯಹೂದಿಯಾಗಿ ಹುಟ್ಟಿದ್ದನ್ನು ಎಂದೂ ಮುಚ್ಚಿಡಲಾರೆ ಎಂದೂ ಅದರಲ್ಲಿದೆ. 2024ರ ನವೆಂಬರಿನಲ್ಲಿ ಅಧ್ಯಕ್ಷ ಮಾಕ್ರೋಂ ಸ್ಟ್ರಾಸ್‌ಬರ್ಗ್‌ನಲ್ಲಿ, ಬ್ಲಾಕ್ ಅವರಿಗೆ ಪ್ಯಾಂಥಿಯನ್‌ನಲ್ಲಿ ಜಾಗ ಕೊಡುವುದಾಗಿ ಘೋಷಿಸಿದರು. ವೋಲ್ಟೇರ್, ರೂಸೋ, ವಿಕ್ಟರ್ ಹ್ಯೂಗೋ ಮಲಗಿರುವ ಜಾಗ ಅದು.

ಪ್ರಶ್ನೆ: ಮಗಳು ಪಿಯುಸಿ ಮುಗಿಸಿ ಇತಿಹಾಸ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಏನು ಉಪಯೋಗ ಮೇಷ್ಟ್ರೇ? ಓದಲೇಬೇಕಾದರೆ ಯಾವ ಪುಸ್ತಕ ಕೊಡಿಸಲಿ?
– ಒಬ್ಬ ತಂದೆ, ತುಮಕೂರು

ಫೆವ್ರ್‌ಗೆ ಅರ್ಪಿಸಿದ ಪುಸ್ತಕ ಎಂದೆನಲ್ಲ, 'ಇತಿಹಾಸಕಾರನ ಕಸುಬು', ಅದು ಶುರುವಾಗುವುದೇ ಒಬ್ಬ ಹುಡುಗ ತನ್ನ ಇತಿಹಾಸಕಾರ ಅಪ್ಪನಿಗೆ ಕೇಳಿದ ಪ್ರಶ್ನೆಯಿಂದ. ಅಪ್ಪಾ, ಇತಿಹಾಸದಿಂದ ಏನು ಉಪಯೋಗ, ಹೇಳು ಎಂದು. ನಿಮ್ಮ ಮನೆಯಲ್ಲಿ ಅಪ್ಪನೇ ಕೇಳುತ್ತಿದ್ದಾರೆ, ಅಷ್ಟೇ ವ್ಯತ್ಯಾಸ. ಬ್ಲಾಕ್ ಕೊಡುವ ಮೊದಲ ಉತ್ತರ ನಿಮಗೆ 'ಅಷ್ಟೇನಾ?' ಅನಿಸಬಹುದು. ಬೇರೆ ಏನಿಲ್ಲದಿದ್ದರೂ ಇತಿಹಾಸ ಓದಲು ಮಜಾ ಇದೆ ಎನ್ನುತ್ತಾರೆ. ಹತ್ತಿರದಲ್ಲಿ ಗ್ರಂಥಾಲಯ ಇಲ್ಲದೆ, ನೌಕರಿಯ ಖಾತ್ರಿ ಇಲ್ಲದೆ, ಯುದ್ಧದ ನಡುವೆ ಬರೆಯುತ್ತಿದ್ದ ಮನುಷ್ಯ ಮೊದಲು ಹೇಳಿದ್ದು ಮಜಾ ಬಗ್ಗೆ! ಬೆಲ್ಜಿಯಮ್ಮಿನ ಇತಿಹಾಸಕಾರ ಆಂರಿ ಪಿರೆನ್ ಜೊತೆ ಸ್ಟಾಕ್‌ಹೋಮ್‌ಗೆ ಹೋದ ಪ್ರಸಂಗವೂ ಅಲ್ಲಿದೆ. ಊರಿಗೆ ಕಾಲಿಟ್ಟ ಕೂಡಲೇ ಪಿರೆನ್, ಮೊದಲು ಹೊಸ ಪುರಭವನ ನೋಡೋಣ ಎಂದರಂತೆ. ಬ್ಲಾಕ್ ಆಶ್ಚರ್ಯಪಟ್ಟರೆ, ನಾನು ಹಳೇ ಸಾಮಾನು ಕೂಡಿಡುವವನಾಗಿದ್ದರೆ ಹಳೆಯದನ್ನೇ ನೋಡುತ್ತಿದ್ದೆ, ನಾನು ಇತಿಹಾಸಕಾರ, ನನಗೆ ಬದುಕು ಇಷ್ಟ ಎಂದರು.

ಪುಸ್ತಕ ಮುಗಿದಿಲ್ಲ. ಕಾರಣಗಳ ಬಗ್ಗೆ ಬರೆಯುತ್ತಿದ್ದ ಅಧ್ಯಾಯ ನಡುವೆಯೇ ನಿಂತಿದೆ. ಇಂಗ್ಲಿಷ್ ಅನುವಾದ ತೆಳ್ಳಗಿದೆ, ಯಾವುದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ ನೋಡಿ. ಮಗಳಿಗೆ ಅದನ್ನು ಕೊಡಿ. ರಾಜರ ಪುಸ್ತಕ ಮೊದಲೇ ಕೊಡಬೇಡಿ, ಅದರ ಅಡಿಟಿಪ್ಪಣಿ ನೋಡಿ ಹುಡುಗಿ ಬಿ.ಕಾಂ. ಸೇರಿಬಿಟ್ಟಾಳು. ಕೆಲಸದ ಮಾತೂ ಕೇಳಿದ್ದೀರಿ. ಬಿ.ಎ. ಜೊತೆಗೆ ಹಳಗನ್ನಡ ಮತ್ತು ಶಾಸನ ಓದುವುದನ್ನು ಕಲಿತರೆ ಪುರಾತತ್ತ್ವ ಇಲಾಖೆ, ಪತ್ರಾಗಾರ, ಮ್ಯೂಸಿಯಂ, ಕಾಲೇಜು, ಎಲ್ಲ ಕಡೆ ಅರ್ಜಿ ಹಾಕಬಹುದು. ಸಂಬಳದ ವಿಚಾರ ಮಾತ್ರ ನನ್ನನ್ನು ಕೇಳಬೇಡಿ, ನಮ್ಮ ಮನೆಯವರನ್ನು ಕೇಳಿ.